ಹೆಬ್ಬೆರಳು ಎತ್ತಿದರೆ ಪ್ರಶ್ನೆ ಇಲ್ಲ: ಸ್ಕೂಬಾದ ಕಟ್ಟುನಿಟ್ಟಿನ ಪಾಠವೂ ಅದರ ಸುತ್ತಲಿನ ತಪ್ಪು ತಿಳುವಳಿಕೆಯೂ

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಮೇಲಿನ ಕೆಲವು ವಾರ ಕಾಸರಗೋಡಿನ ನಮ್ಮ ಮನೆಗಳಲ್ಲಿ ಟಿವಿ ಆರಲೇ ಇಲ್ಲ. ಒಂದು ಗಂಟೆ ಮಲಯಾಳಂ ಚಾನೆಲ್, ಇನ್ನೊಂದು ಗಂಟೆ ಕನ್ನಡ ಚಾನೆಲ್. ಮಣ್ಣಿನ ಜೊತೆ ನದಿಗೆ ಬಿದ್ದ ಲಾರಿಯ ಚಾಲಕ ಕೋಝಿಕ್ಕೋಡಿನವರು. ನದಿ ಗಂಗಾವಳಿ. ಗುಡ್ಡ ಬಿದ್ದದ್ದು ನಮ್ಮೂರ ಮೂಲಕವೇ ಹೋಗುವ ಹೆದ್ದಾರಿ 66ರ ಮೇಲೆ. ಹಾಗಾಗಿ ಎರಡೂ ಕಡೆಯ ದುಃಖ ನಮಗೆ ನಮ್ಮದೇ ಭಾಷೆಯಲ್ಲಿ ಕೇಳುತ್ತಿತ್ತು.

ನದಿ ತುಂಬಿ ಹರಿಯುತ್ತಿತ್ತು. ಮಲ್ಪೆಯ ಈಶ್ವರ್ ಮತ್ತು ಅವರ ತಂಡದವರು ನೀರಿಗಿಳಿದರು. ನೌಕಾಪಡೆಯ ಡೈವರ್‌ಗಳು ಹರಿವು ತಗ್ಗಲಿ ಎಂದು ಕಾಯಬೇಕಾಯಿತು. ಲಾರಿ ಮೇಲೆ ಬಂದದ್ದು ಎರಡು ತಿಂಗಳು ದಾಟಿದ ಮೇಲೆ, ಸೆಪ್ಟೆಂಬರ್ 25ರಂದು. ಆ ದಿನಗಳಲ್ಲಿ ಚಹಾದಂಗಡಿಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತು ಒಂದೇ: "ತರಬೇತಿ ಆದವರೇ ಇಳಿಯದಿದ್ದರೆ ಆ ತರಬೇತಿ ಯಾಕೆ?"

ಈ ಪ್ರಶ್ನೆ ಈಗ ಬೇರೆ ರೂಪದಲ್ಲಿ ನಮ್ಮ ಮನೆಯೊಳಗೇ ಬಂದಿದೆ. ಉಪ್ಪಳ, ಕುಂಬಳೆ, ಬದಿಯಡ್ಕದ ಹುಡುಗ ಹುಡುಗಿಯರು ಡಿಸೆಂಬರ್ ಬಂದರೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಡಿ ಮುಳುಗುವ ಆಟ, ಮಾಡಿ ಬರುತ್ತಾರೆ. ಕೆಲವರು ಲಕ್ಷದ್ವೀಪಕ್ಕೆ ಹೋಗುತ್ತಾರೆ. ಗಲ್ಫ್‌ನಲ್ಲಿರುವವರು ಫುಜೈರಾದ ಕಡಲಲ್ಲಿ ಕಲಿಯುತ್ತಾರೆ. ಅವರಲ್ಲಿ ಒಬ್ಬಿಬ್ಬರು ಬೇರೆಯೇ ಭಾಷೆ ಮಾತಾಡುತ್ತಾ ಊರಿಗೆ ಬರುತ್ತಾರೆ. "ನಾನು ಡಿಐಆರ್" ಅನ್ನುತ್ತಾರೆ; ಅದು ಕಟ್ಟುನಿಟ್ಟಿನ ಡೈವಿಂಗ್ ಪಂಥವೊಂದರ ಹೆಸರು. ಎಲ್ಲರ ಉಪಕರಣವೂ ಒಂದೇ ಥರ ಇರಬೇಕು ಅನ್ನುತ್ತಾರೆ. ಸಿಗರೇಟು ಬಿಟ್ಟಿದ್ದೇನೆ ಅನ್ನುತ್ತಾರೆ. ಉಳಿದ ಡೈವರ್‌ಗಳು ಅವರನ್ನು ಕಂಡು ಮುಖ ತಿರುಗಿಸುತ್ತಾರೆ. "ಅದೊಂದು ಮಠ ಮಾರಾಯ್ರೇ" ಎಂದು ಒಬ್ಬರು ನನಗೆ ಹೇಳಿದರು.

ನನ್ನ ಚಿಕ್ಕಮ್ಮನ ಮಗ ದುಬೈಯಲ್ಲಿದ್ದಾನೆ. ಅವನು ಆ ದಾರಿ ಹಿಡಿದವನು. ನಾನು ನೇತ್ರಾಣಿಯಲ್ಲಿ ಸಾಮಾನ್ಯ ಕೋರ್ಸ್ ಮಾಡಿದವನು. ಇಬ್ಬರೂ ಸೇರಿ ಕೆಲವು ಸಲ ನೀರಿಗಿಳಿದಿದ್ದೇವೆ. ಈ ಕಟ್ಟುನಿಟ್ಟು ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು, ಅದರ ಬಗ್ಗೆ ಹಬ್ಬಿದ ತಪ್ಪು ಕಲ್ಪನೆ ಎಷ್ಟು ಎಂದು ಸ್ಕೂಬಾ ಗೊತ್ತಿಲ್ಲದವರಿಗೂ ಅರ್ಥ ಆಗುವ ಹಾಗೆ ಬರೆಯುತ್ತೇನೆ.

ಮೊದಲು ಉಸಿರಿನ ವಿಷಯ

ನಾವು ದೇವಸ್ಥಾನದ ಕೆರೆಯಲ್ಲೋ ತೋಟದ ಕೆರೆಯಲ್ಲೋ ಈಜು ಕಲಿತವರು. ಮುಳುಗುವ ಮೊದಲು ಉಸಿರು ಕಟ್ಟು ಎಂದೇ ನಮಗೆ ಹೇಳಿಕೊಟ್ಟದ್ದು. ಸ್ಕೂಬಾದ ಮೊದಲ ಪಾಠ ಅದಕ್ಕೆ ತೀರಾ ಉಲ್ಟಾ: ಎಂದಿಗೂ ಉಸಿರು ಕಟ್ಟಬೇಡ.

ಕಾರಣ ನೀರಿನ ಒತ್ತಡ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಒತ್ತಡ ಒಂದು ಪಟ್ಟು ಸೇರುತ್ತಾ ಹೋಗುತ್ತದೆ. ಮೇಲೆ 1 ಇದ್ದರೆ 10 ಮೀಟರಲ್ಲಿ 2, 20ರಲ್ಲಿ 3, 30ರಲ್ಲಿ 4. ಒತ್ತಡ ಹೆಚ್ಚಿದಷ್ಟೂ ಗಾಳಿ ಕುಗ್ಗುತ್ತದೆ. 10 ಮೀಟರಲ್ಲಿ ಎದೆ ತುಂಬ ಉಸಿರೆಳೆದು, ಅದನ್ನು ಹಿಡಿದುಕೊಂಡೇ ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶ ಅದನ್ನು ತಡೆಯುವುದಿಲ್ಲ.

ಕೆಳಗಿದ್ದಾಗ ಪ್ರತಿ ಉಸಿರಿಗೂ ಜಾಸ್ತಿ ಗಾಳಿ ಬೇಕು ಎಂಬುದು ಇದರ ಇನ್ನೊಂದು ಮುಖ. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವರು 20 ಮೀಟರಲ್ಲಿ 60 ಲೀಟರ್ ಎಳೆಯುತ್ತಾರೆ, 30 ಮೀಟರಲ್ಲಿ 80. ಮಾಮೂಲಿ ಸಿಲಿಂಡರಿನ ಗಾತ್ರ 11 ಲೀಟರ್. ಅದರಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ ಒಟ್ಟು ಸುಮಾರು 2200 ಲೀಟರ್. 30 ಮೀಟರಲ್ಲಿ ಅದು ಅರ್ಧ ಗಂಟೆಯೂ ಬಾರದು.

ಇನ್ನೊಂದು ಸಂಗತಿ ಸಾರಜನಕದ್ದು. ಒತ್ತಡದಲ್ಲಿ ಅದು ರಕ್ತಕ್ಕೂ ಮಾಂಸಕ್ಕೂ ಕರಗಿ ಸೇರುತ್ತದೆ. ನಿಧಾನ ಮೇಲೆ ಬಂದರೆ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಗಡಿಬಿಡಿಯಲ್ಲಿ ಬಂದರೆ ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲು ನೋವಿನಿಂದ ಹಿಡಿದು ಲಕ್ವದ ತನಕ ಏನೂ ಆಗಬಹುದು. ಅದಕ್ಕೇ ಗಾಳಿ ಮುಗಿಯಿತು ಅಂತ ಥಟ್ಟನೆ ಮೇಲೆ ಹಾರುವ ಹಾಗಿಲ್ಲ.

ಇವೆಲ್ಲದರ ಮೇಲೆ ಇನ್ನೊಂದು ಉಂಟು. ನೀರಿನೊಳಗೆ ಮಾತಿಲ್ಲ. ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ಉಸಿರಿನ ಬಿರಡೆ. ಬಳಸಲು ಕೈಸನ್ನೆ ಮಾತ್ರ. ಕಷ್ಟ ಬಂದಾಗ "ಸ್ವಲ್ಪ ನಿಲ್ಲು, ಯೋಚಿಸೋಣ" ಅನ್ನಲು ಆಗುವುದಿಲ್ಲ. ಮಾತಾಡಬೇಕಾದ್ದನ್ನೆಲ್ಲ ದೋಣಿಯ ಮೇಲೆಯೇ ಮುಗಿಸಿರಬೇಕು. ಕಟ್ಟುನಿಟ್ಟಿನವರ ಪಾಠವೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು.

ಇದು ಹುಟ್ಟಿದ್ದು ಕಡಲಲ್ಲಿ ಅಲ್ಲ, ಗುಹೆಯಲ್ಲಿ

ಬಾಯಾರು, ಎಣ್ಮಕಜೆ, ಪಡ್ರೆ ಕಡೆಯವರಿಗೆ ಸುರಂಗ ಹೊಸತಲ್ಲ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ದಾರಿ ಅದು. ಒಬ್ಬರು ಹೋಗುವಷ್ಟೇ ಅಗಲ. ಒಳಗೆ ಕೊರೆಯುವವರು ಮೊಂಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಅದು ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ಅರ್ಥ. ಆಗ ಹಾರೆ ಅಲ್ಲೇ ಬಿಟ್ಟು ಹೊರಗೆ ಬರಬೇಕು. ಇನ್ನು ಎರಡೇ ಏಟು ಹಾಕಿ ಬರುತ್ತೇನೆ ಅನ್ನುವ ಹಾಗಿಲ್ಲ.

ಅಂಥ ಸುರಂಗ ಮೈಲುಗಟ್ಟಲೆ ಉದ್ದ ಇದೆ, ಪೂರ್ತಿ ನೀರು ತುಂಬಿದೆ, ಒಳಗೆ ಕಗ್ಗತ್ತಲೆ ಎಂದು ಕಲ್ಪಿಸಿಕೊಳ್ಳಿ. ಅಮೆರಿಕದ ಫ್ಲೋರಿಡಾದ ನೆಲದಡಿ ಇರುವುದು ಅದೇ. ಸುಣ್ಣಕಲ್ಲು ಕರಗಿ ಆದ ಗುಹೆಗಳು. ಅಲ್ಲಿ ನೇರ ಮೇಲೆ ಬರುವ ಮಾತೇ ಇಲ್ಲ, ಮೇಲಿರುವುದು ಕಲ್ಲು. ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. 1960ರ ದಶಕದಿಂದ ಈಚೆಗೆ ಅಲ್ಲಿ ನೂರಾರು ಡೈವರ್‌ಗಳು ಸತ್ತಿದ್ದಾರೆ. ಶೆಕ್ ಎಕ್ಸ್‌ಲಿ ಎಂಬ ಗುಹೆ ಡೈವರ್ 1979ರಲ್ಲಿ ಈ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಅವೇ ಕಾರಣಗಳು ಮತ್ತೆ ಮತ್ತೆ ಕಂಡವು. ಹೊರಬಾಗಿಲಿನ ತನಕ ಹಗ್ಗ ಹಾಸಿರಲಿಲ್ಲ. ವಾಪಸಾತಿಗೆ ಗಾಳಿ ಉಳಿಸಿರಲಿಲ್ಲ. ತೀರಾ ಆಳಕ್ಕೆ ಹೋಗಿದ್ದರು. ಗಾಳಿಯಲ್ಲಿ ಮೂರನೇ ಒಂದು ಪಾಲು ಹೋಗಲಿಕ್ಕೆ, ಒಂದು ಪಾಲು ಬರಲಿಕ್ಕೆ, ಇನ್ನೊಂದು ಪಾಲು ಆಪತ್ತಿಗೆ ಎಂಬ ನಿಯಮ ಗುಹೆ ಡೈವರ್‌ಗಳಲ್ಲಿ ಇಂದಿಗೂ ಜೀವಂತ ಉಂಟು.

1980ರ ದಶಕದ ನಡುವಿನಲ್ಲಿ ಅದೇ ಫ್ಲೋರಿಡಾದಲ್ಲಿ ವುಡ್‌ವಿಲ್ ಕಾರ್ಸ್ಟ್ ಪ್ಲೇನ್ ಪ್ರಾಜೆಕ್ಟ್ ಎಂಬ ತಂಡ ಕಟ್ಟಿಕೊಂಡಿತು. ವಕುಲ್ಲಾ ಬುಗ್ಗೆಯ ಸುತ್ತಲಿನ ಗುಹೆಗಳ ನಕ್ಷೆ ಮಾಡುವುದು ಅವರ ಕೆಲಸ. ಆ ತಂಡದ ಪಾರ್ಕರ್ ಟರ್ನರ್ 1991ರಲ್ಲಿ ಇಂಡಿಯನ್ ಸ್ಪ್ರಿಂಗ್ಸ್ ಗುಹೆಯಲ್ಲಿ ತೀರಿಕೊಂಡರು. ಒಳಗೆ ಹೋದ ಮೇಲೆ ಮರಳು ಜರಿದು ದಾರಿ ಮುಚ್ಚಿತ್ತು. ನಿಯಮ ಎಷ್ಟೇ ಬಿಗಿಯಿದ್ದರೂ ಗುಹೆ ಗುಹೆಯೇ. ಅದನ್ನು ಆ ತಂಡದವರು ಮರೆಯಲಿಲ್ಲ.

ಉಪಕರಣವನ್ನು ತೀರಾ ಸರಳ ಮಾಡುತ್ತಾ ಹೋದವರು ಬಿಲ್ ಹೋಗಾರ್ತ್ ಮೈನ್. ಬೇಡದ್ದು ಒಂದೂ ಮೈಮೇಲೆ ಇರಬಾರದು, ಬೇಕಾದ್ದು ಕೈಗೆ ಸಿಗಬೇಕು. ಅವರ ಹೆಸರಿನಿಂದಲೇ ಆ ಜೋಡಣೆಗೆ ಹೋಗಾರ್ತಿಯನ್ ಎಂಬ ಹೆಸರು ಬಂತು. ಅದಕ್ಕೆ ತಂಡದ ಶಿಸ್ತು, ದೇಹದ ಕ್ಷಮತೆ, ಗಾಳಿಯ ಲೆಕ್ಕ ಎಲ್ಲ ಸೇರಿ 1990ರ ದಶಕದಲ್ಲಿ "ಡೂಯಿಂಗ್ ಇಟ್ ರೈಟ್" ಎಂಬ ಪಂಥವಾಯಿತು. ಸರಿಯಾಗಿ ಮಾಡುವುದು ಎಂದು ಅರ್ಥ. ಚಿಕ್ಕದಾಗಿ ಡಿಐಆರ್. ಜಾರಡ್ ಜಬ್ಲಾನ್‌ಸ್ಕಿ 1998ರಲ್ಲಿ ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್, ಅಂದರೆ ಜಿಯುಇ, ಎಂಬ ಸಂಸ್ಥೆ ಶುರು ಮಾಡಿ ಈ ಪಾಠವನ್ನು ಹೊರಗಿನವರಿಗೂ ಕೊಟ್ಟರು. 2007ರ ಡಿಸೆಂಬರಿನಲ್ಲಿ ಜಬ್ಲಾನ್‌ಸ್ಕಿ ಮತ್ತು ಕೇಸಿ ಮೆಕಿನ್ಲೆ ಒಂದು ಗುಂಡಿಯಲ್ಲಿ ಇಳಿದು ಸುಮಾರು 11 ಕಿಲೋಮೀಟರ್ ದೂರದ ವಕುಲ್ಲಾದಲ್ಲಿ ಎದ್ದರು. ಸರಾಸರಿ ಆಳ 80 ಮೀಟರಿಗೂ ಮೇಲೆ. ಕಾಸರಗೋಡು ಪೇಟೆಯಿಂದ ಹೆಚ್ಚುಕಡಿಮೆ ಕುಂಬಳೆಯ ತನಕ ನೆಲದಡಿಯ ನೀರಿನಲ್ಲೇ ಹೋದ ಹಾಗೆ.

ಏಳು ಅಡಿ ಹೋಸ್ ಯಾಕೆ?

ಈ ಪಂಥದವರನ್ನು ದೋಣಿಯಲ್ಲಿ ಗುರುತಿಸುವುದು ಸುಲಭ. ಬೆನ್ನಿಗೆ ಲೋಹದ ಹಲಗೆ, ಅದಕ್ಕೆ ಒಂದೇ ಪಟ್ಟಿಯ ಕಟ್ಟು, ಹಿಂದೆ ಗಾಳಿಯ ಚೀಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ, ಎದೆಯ ಮೇಲೆ ಹಾದು ಕುತ್ತಿಗೆ ಸುತ್ತಿ ಬರುವ ಉದ್ದ ಹೋಸ್. ನೋಡುವವರಿಗೆ ಅದು ಆಡಂಬರ ಅನ್ನಿಸುತ್ತದೆ. ತಪ್ಪು ತಿಳುವಳಿಕೆ ಹುಟ್ಟುವುದು ಜಾಸ್ತಿ ಈ ಹೋಸಿನಿಂದಲೇ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರತಿ ಡೈವರ್ ಬಳಿಯೂ ಉಸಿರಾಡಲು ಎರಡು ಬಿರಡೆ ಇರುತ್ತವೆ. ಒಂದು ತನಗೆ, ಇನ್ನೊಂದು ಆಪತ್ತಿನಲ್ಲಿ ಜೊತೆಗಾರನಿಗೆ. ಮಾಮೂಲಿ ಜೋಡಣೆಯಲ್ಲಿ ಎರಡನೆಯದು ಹಳದಿ ಬಣ್ಣದ್ದು. ಎದೆಯ ಬಳಿ ಸಿಕ್ಕಿಸಿರುತ್ತಾರೆ. ಗಾಳಿ ಮುಗಿದವರು ಅದನ್ನು ತೆಗೆದುಕೊಳ್ಳಬೇಕು. ಕಾಗದದ ಮೇಲೆ ಸರಿ. ಆದರೆ ಉಸಿರೇ ಸಿಗದವರು ಹಳದಿ ಬಣ್ಣ ಹುಡುಕುತ್ತಾ ಕೂರುತ್ತಾರಾ? ಕಣ್ಣಿಗೆ ಕಾಣುವ, ಗುಳ್ಳೆ ಬರುತ್ತಿರುವ, ಖಂಡಿತ ಕೆಲಸ ಮಾಡುತ್ತಿರುವ ಬಿರಡೆಗೆ ಕೈ ಹಾಕುವ ಸಂಭವವೇ ಜಾಸ್ತಿ. ಅದು ನಿಮ್ಮ ಬಾಯಲ್ಲಿರುವುದು.

ಅದಕ್ಕೆ ಇವರು ಆ ಸ್ವಭಾವವನ್ನೇ ನಿಯಮ ಮಾಡಿಕೊಂಡರು. ಕೊಡುವುದೇ ಬಾಯಲ್ಲಿರುವುದನ್ನು. ಈಗ ತಾನೇ ತಾನು ಉಸಿರಾಡಿದ್ದು, ಕೆಟ್ಟಿಲ್ಲ ಎಂದು ಗೊತ್ತಿರುವುದು. ಕೊಟ್ಟ ಮೇಲೆ ತನಗೆ? ಗಲ್ಲದ ಕೆಳಗೆ ರಬ್ಬರ್ ಹಗ್ಗದಲ್ಲಿ ತಾಳಿಯ ಹಾಗೆ ಇನ್ನೊಂದು ತೂಗುತ್ತಿರುತ್ತದೆ. ತಲೆ ಸ್ವಲ್ಪ ಬಗ್ಗಿಸಿದರೆ ಬಾಯಿಗೆ ಬರುತ್ತದೆ. ಕತ್ತಲೆಯಲ್ಲೂ ತಪ್ಪುವುದಿಲ್ಲ.

ಉದ್ದ ಏಳು ಅಡಿ ಯಾಕೆಂದರೆ ಗುಹೆಯ ಇಕ್ಕಟ್ಟಿನಲ್ಲಿ ಇಬ್ಬರು ಅಕ್ಕಪಕ್ಕ ಹೋಗಲು ಆಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಸುರಂಗದಲ್ಲಿ ಹೋದ ಹಾಗೆಯೇ. ಗಿಡ್ಡ ಹೋಸ್ ಇದ್ದರೆ ಅಲ್ಲಿ ಹಂಚಿಕೊಂಡು ಉಸಿರಾಡುವುದು ಅಸಾಧ್ಯ. ತೆರೆದ ಕಡಲಲ್ಲಿ ಅಷ್ಟು ಉದ್ದ ಬೇಕೇ ಬೇಕು ಅಂತ ಇಲ್ಲ. ಐದು ಅಡಿಯದ್ದು ಬಳಸುವವರೂ ಇದ್ದಾರೆ. ಆದರೆ ಅಳತೆ ಗುಹೆಯಿಂದ ಬಂದದ್ದು, ಅಲಂಕಾರದಿಂದ ಅಲ್ಲ.

ಎಲ್ಲರೂ ಒಂದೇ ಥರ ಇದ್ದರೆ ಬುದ್ಧಿಗೆ ಜಾಗ ಎಲ್ಲಿ?

ಇದು ಎರಡನೆಯ ಆಕ್ಷೇಪ. ಒಂದೇ ಹೋಸ್, ಒಂದೇ ಜಾಗದಲ್ಲಿ ಚಾಕು, ಎಡ ಸೊಂಟದಲ್ಲೇ ಒತ್ತಡದ ಮೀಟರ್, ಒಂದೇ ಕ್ರಮದ ತಪಾಸಣೆ. ಯಂತ್ರದ ಮನುಷ್ಯರನ್ನು ಮಾಡುತ್ತಾರೆ ಅನ್ನುತ್ತಾರೆ.

ಮಳೆಗಾಲದ ರಾತ್ರಿ ನಮ್ಮಲ್ಲಿ ಕರೆಂಟ್ ಹೋಗುವುದು ಗೊತ್ತಲ್ವಾ. ಆಗ ಬೆಂಕಿಪೊಟ್ಟಣಕ್ಕೆ ಯಾರೂ ಹುಡುಕಾಡುವುದಿಲ್ಲ. ಅದು ದೇವರ ಕೋಣೆಯ ಗೂಡಿನಲ್ಲೋ ಒಲೆಯ ಪಕ್ಕದಲ್ಲೋ ಇರುತ್ತದೆ. ಯಾರಾದರೂ ತೆಗೆದು ಬೇರೆ ಕಡೆ ಇಟ್ಟರೆ ಅಜ್ಜಿ ಬೈಯುತ್ತಿದ್ದರು. ಡೈವರ್‌ಗಳ ಕಥೆಯೂ ಅಷ್ಟೇ. ಜೊತೆಗಾರನ ಚಾಕು ಎಲ್ಲಿದೆ, ಅವನ ಗಾಳಿಯ ತಿರುಪು ಯಾವ ಕಡೆ ತಿರುಗುತ್ತದೆ ಎಂದು ನನ್ನ ಕೈಗೆ ಗೊತ್ತಿರಬೇಕು. ಅವನು ಬಲೆಗೆ ಸಿಕ್ಕಿಕೊಂಡಿದ್ದರೆ ಬಿಡಿಸಬೇಕಾದವನು ನಾನು.

ಬುದ್ಧಿಯ ಪ್ರಶ್ನೆಗೆ ನನಗೆ ಹತ್ತಿರದ ಉತ್ತರ ಯಕ್ಷಗಾನ. ಪಾರ್ತಿಸುಬ್ಬನ ಕುಂಬಳೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಬೇರೆ ಮೇಳದ ಕಲಾವಿದರು ಸಂಜೆ ಚೌಕಿಯಲ್ಲಿ ಸೇರುತ್ತಾರೆ. ರಿಹರ್ಸಲ್ ಇಲ್ಲ. ಮುಖವರ್ಣಿಕೆ ಮೊದಲು, ಕಿರೀಟ ಕೊನೆಗೆ, ಎಲ್ಲದಕ್ಕೂ ಕ್ರಮ ಉಂಟು. ಭಾಗವತರು ಪದ ಎತ್ತಿದರೆ ಯಾವ ತಾಳಕ್ಕೆ ಯಾವ ಹೆಜ್ಜೆ ಎಂದು ಎಲ್ಲರಿಗೂ ಗೊತ್ತು. ಚೆಂಡೆಯವರಿಗೂ ಗೊತ್ತು. ಹಾಗೆ ಗೊತ್ತಿರುವುದರಿಂದಲೇ ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತು ಆಡಬಲ್ಲ. ಹೆಜ್ಜೆಯ ಬಗ್ಗೆಯೇ ಚಿಂತೆ ಇದ್ದರೆ ಮಾತು ಎಲ್ಲಿಂದ ಬರಬೇಕು?

ಡಿಐಆರ್ ಕಲಿತ ಮೂವರು ಮೂರು ದೇಶದವರಾದರೂ ಅರ್ಧ ಗಂಟೆಯಲ್ಲಿ ಒಂದು ತಂಡವಾಗುತ್ತಾರೆ. ಉಪಕರಣ ಒಂದೇ, ಸನ್ನೆ ಒಂದೇ, ಲೆಕ್ಕ ಒಂದೇ. ಉಳಿದ ಬುದ್ಧಿಯನ್ನೆಲ್ಲ ನೀರಿನ ಮೇಲೆ, ಜೊತೆಗಾರರ ಮೇಲೆ ಇಡಬಹುದು. ತೆಂಕುತಿಟ್ಟಿನ ಕಲಾವಿದ ಬಡಗುತಿಟ್ಟಿನ ರಂಗಸ್ಥಳಕ್ಕೆ ಹೋದರೆ ತಡವರಿಸಬಹುದು. ಅದರಿಂದ ಒಂದು ತಿಟ್ಟು ಮೇಲು, ಇನ್ನೊಂದು ಕೀಳು ಅಂತ ಆಗುವುದಿಲ್ಲ. ಈ ಮಾತನ್ನು ಕಟ್ಟುನಿಟ್ಟಿನವರಲ್ಲಿ ಕೆಲವರು ಮರೆತರು. ಅದಕ್ಕೆ ಮುಂದೆ ಬರುತ್ತೇನೆ.

50 ಬಾರ್ ಉಳಿಸಿದರೆ ಸಾಕಾ? ಒಂದು ಲೆಕ್ಕ

"ಮೀಟರಿನಲ್ಲಿ 50 ತೋರಿಸುವಾಗ ಮೇಲೆ ಹೊರಡಿ." ಮಾಮೂಲಿ ಡೈವ್‌ಗಳಲ್ಲಿ ಕೇಳುವ ಸೂಚನೆ ಇದು. ನೆನಪಿಡಲು ಸುಲಭ. ಕಟ್ಟುನಿಟ್ಟಿನವರು ಇಲ್ಲೂ ತಕರಾರು ತೆಗೆಯುತ್ತಾರೆ. ಪೆನ್ನು ಹಿಡಿದು ನೋಡೋಣ.

20 ಮೀಟರ್ ಆಳದಲ್ಲಿ ನಿಮ್ಮ ಜೊತೆಗಾರನ ಗಾಳಿ ಪೂರ್ತಿ ನಿಂತಿತು. ಈಗ ನಿಮ್ಮ ಒಂದೇ ಸಿಲಿಂಡರಿನಲ್ಲಿ ಇಬ್ಬರು ಮೇಲೆ ಬರಬೇಕು. ಒಬ್ಬರಿಗೆ ನಿಮಿಷಕ್ಕೆ 20 ಲೀಟರ್, ಇಬ್ಬರಿಗೆ 40. ಗಾಬರಿಯಾದರೆ ಇನ್ನೂ ಜಾಸ್ತಿ. ಸುಧಾರಿಸಿಕೊಳ್ಳಲು ಒಂದು ನಿಮಿಷ. ಅಲ್ಲಿ ಒತ್ತಡ 3, ಹಾಗಾಗಿ 120 ಲೀಟರ್. ನಿಧಾನ ಏರಲು ಮೂರು ನಿಮಿಷ, ಸರಾಸರಿ ಒತ್ತಡ 2, ಅಲ್ಲಿಗೆ 240 ಲೀಟರ್. ಮೇಲ್ಮೈಗೆ ಬರುವ ಮುನ್ನ 5 ಮೀಟರಲ್ಲಿ ಮೂರು ನಿಮಿಷ ನಿಲ್ಲುವ ಪದ್ಧತಿ ಉಂಟು, ಸಾರಜನಕ ಹೋಗಲಿ ಎಂದು. ಅದಕ್ಕೆ 180 ಲೀಟರ್. ಒಟ್ಟು 540. ಅದನ್ನು 11 ಲೀಟರಿನ ಸಿಲಿಂಡರಿಗೆ ಭಾಗಿಸಿದರೆ 49 ಬಾರ್. ಅಂದರೆ 50 ಎಂಬ ಗೆರೆ 20 ಮೀಟರಲ್ಲಿ ಏರಲು ಹೊರಡುವ ಹೊತ್ತಿಗೆ ಇಬ್ಬರಿಗೆ ಇರಬೇಕಾದ ಗಾಳಿ.

ಅದೇ ಲೆಕ್ಕ 30 ಮೀಟರಿಗೆ: 160, ಏರಲು ನಾಲ್ಕು ನಿಮಿಷಕ್ಕೆ 400, ನಿಲ್ಲಲು 180. ಒಟ್ಟು 740 ಲೀಟರ್. ಅಂದರೆ 67 ಬಾರ್. 30 ಮೀಟರ್ ಆಳದಲ್ಲಿ ಮೀಟರ್ 50 ತೋರಿಸುವ ತನಕ ಕೂತವರಲ್ಲಿ ಇಬ್ಬರಿಗೆ ಸಾಕಾಗುವಷ್ಟು ಗಾಳಿ ಇರುವುದಿಲ್ಲ.

ಈ ಪಂಥದವರು ನೀರಿಗಿಳಿಯುವ ಮೊದಲೇ ಇದನ್ನು ಬಾಯಲ್ಲೇ ಲೆಕ್ಕ ಹಾಕಿ ಒಂದು ಸಂಖ್ಯೆ ಹೇಳುತ್ತಾರೆ. ತಂಡದಲ್ಲಿ ಒಬ್ಬರ ಮೀಟರ್ ಆ ಸಂಖ್ಯೆ ಮುಟ್ಟಿದರೂ ಎಲ್ಲರೂ ಏರುತ್ತಾರೆ. ಯಂತ್ರದ ಮನುಷ್ಯರು ಎಂಬ ಹೆಸರು ಇವರಿಗೆ ಹೊಂದುವುದಿಲ್ಲ ಎಂದು ನನಗೆ ಅನ್ನಿಸಿದ್ದು ಈ ಲೆಕ್ಕ ನೋಡಿದ ದಿನ.

ಹಾಗಾದರೆ ಇಷ್ಟೊಂದು ಜಗಳ ಯಾಕೆ?

ಪಾಠಕ್ಕಿಂತ ಪಾಠ ಹೇಳಿದ ರೀತಿ ಜಗಳಕ್ಕೆ ಹೆಚ್ಚು ಕಾರಣ. 1990ರ ದಶಕದಲ್ಲಿ ಅಮೆರಿಕದಲ್ಲಿ ಇಂಟರ್‌ನೆಟ್ ಹೊಸತು. ಆ ಗುಹೆ ತಂಡವನ್ನು ನಡೆಸುತ್ತಿದ್ದ ಜಾರ್ಜ್ ಅರ್ವಿನ್ ತುಂಬ ಖಾರವಾಗಿ ಬರೆಯುತ್ತಿದ್ದರು. ತಮ್ಮ ರೀತಿಯಲ್ಲಿ ಡೈವ್ ಮಾಡದವರಿಗೆ "ಸ್ಟ್ರೋಕ್" ಎಂಬ ಬೈಗುಳದ ಹೆಸರು ಇಟ್ಟಿದ್ದರು. ಅಪಘಾತದಲ್ಲಿ ಸ್ನೇಹಿತರನ್ನು ಕಳೆದುಕೊಂಡವರ ಸಿಟ್ಟು ಅದರ ಹಿಂದೆ ಇತ್ತು ಎಂಬುದು ನಿಜ. ಆದರೆ ಓದಿದವರಿಗೆ ಉಳಿದದ್ದು ಬೈಗುಳ ಮಾತ್ರ. "ಸರಿಯಾಗಿ ಮಾಡುವುದು" ಎಂಬ ಹೆಸರೇ ಉಳಿದವರೆಲ್ಲ ತಪ್ಪು ಮಾಡುತ್ತಿದ್ದಾರೆ ಎಂದು ಹೇಳಿದ ಹಾಗೆ ಕೇಳಿಸುತ್ತಿತ್ತು. ಸೊಕ್ಕಿನವರು ಎಂಬ ಹೆಸರು ಅಂಟಿದ್ದು ಹಾಗೆ. ಮೂವತ್ತು ವರ್ಷವಾದರೂ ಅದು ಹೋಗಿಲ್ಲ.

ಒಂದು ಬ್ರ್ಯಾಂಡ್ ಮಾರುವ ತಂತ್ರ ಎಂಬ ಮಾತೂ ಉಂಟು. ಇದು ಗಾಳಿಯಿಂದ ಹುಟ್ಟಿದ್ದಲ್ಲ. ಈ ಪಂಥದ ಮುಂದಾಳುಗಳು ಉಪಕರಣ ತಯಾರಿಯಲ್ಲೂ ಇದ್ದರು. ಸಂಶಯ ಬರುವುದು ಸಹಜ. ಆದರೆ ನಿಯಮ ಹೇಳುವುದು ಆಕಾರ ಮತ್ತು ಜೋಡಣೆಯ ಬಗ್ಗೆ. ಹಲಗೆ, ಪಟ್ಟಿ, ಕೊಕ್ಕೆಗಳನ್ನು ಈಗ ಹಲವು ಕಂಪೆನಿಗಳು ಮಾಡುತ್ತವೆ. ನನ್ನ ತಮ್ಮನ ಹಲಗೆ ಸೆಕೆಂಡ್ ಹ್ಯಾಂಡ್.

ಧೂಮಪಾನ ಮಾಡುವವರನ್ನು ಸೇರಿಸುವುದಿಲ್ಲ ಎಂಬುದು ನಿಜವೇ. ಜಿಯುಇ ಅದನ್ನು ನಿಯಮವಾಗಿಯೇ ಇಟ್ಟಿದೆ. ಉಸಿರಿನ ಮೇಲೆ ನಿಂತ ಆಟ, ಜೊತೆಗಾರನ ಜೀವ ನಿನ್ನ ಶ್ವಾಸಕೋಶದ ಮೇಲೂ ನಿಂತಿದೆ ಎಂಬುದು ಅವರ ವಾದ. ಆಳ, ಸಮಯ ಲೆಕ್ಕ ಹಾಕಿ ತೋರಿಸುವ ಡೈವ್ ಕಂಪ್ಯೂಟರನ್ನು ನಿಷೇಧಿಸುತ್ತಾರೆ ಎಂಬುದು ಹಳೆಯ ಮಾತು. ಆರಂಭದಲ್ಲಿ ಅವರು ಗಡಿಯಾರ ಮತ್ತು ಕೋಷ್ಟಕ ಸಾಕು ಅನ್ನುತ್ತಿದ್ದರು. ಈಗ ಆ ಬಿಗಿ ಸಡಿಲಾಗಿದೆ.

ಇನ್ನು ಫೇಲ್ ಮಾಡುವ ವಿಷಯ. ಬೇರೆ ಕಡೆ ಡೈವಿಂಗ್ ಕಲಿತು ಬಂದವರಿಗೆ ಇವರ ಮೊದಲ ಕೋರ್ಸಿನ ಹೆಸರು ಫಂಡಮೆಂಟಲ್ಸ್. ಬುನಾದಿ ಎಂದಿಟ್ಟುಕೊಳ್ಳಿ. ಅದರಲ್ಲಿ ಮೈಯನ್ನು ನೀರಿನಲ್ಲಿ ಚಾಪೆಯ ಹಾಗೆ ಅಡ್ಡಕ್ಕೆ ಇಟ್ಟು, ಏರದೆ ಇಳಿಯದೆ ನಿಂತು, ಆ ಸ್ಥಿತಿಯಲ್ಲೇ ಮಾಸ್ಕ್ ತೆಗೆದು ಹಾಕಬೇಕು, ಗಾಳಿ ಹಂಚಿಕೊಳ್ಳಬೇಕು. ಕಾಲನ್ನು ಕಪ್ಪೆಯ ಹಾಗೆ ಬೀಸಬೇಕು, ತಳದ ಕೆಸರು ಏಳದ ಹಾಗೆ. ಮಳೆಗಾಲದ ಚಂದ್ರಗಿರಿ ಹೊಳೆ ನೋಡಿದವರಿಗೆ ಕೆಸರು ಎದ್ದರೆ ಕಣ್ಣು ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಪಾಸಿಲ್ಲ. "ಇನ್ನೂ ಅಭ್ಯಾಸ ಮಾಡಿ ಬಾ" ಎಂಬ ಫಲಿತಾಂಶವೂ ಒಂದು. ನನ್ನ ತಮ್ಮನಿಗೆ ಮೊದಲ ಸಲ ಸಿಕ್ಕಿದ್ದು ಅದೇ. ಗಾಳಿ ಹಂಚಿಕೊಳ್ಳುವಾಗ ಅವನು ಗೊತ್ತಿಲ್ಲದೆ ಮೇಲೇರುತ್ತಿದ್ದ. ವೀಡಿಯೋ ತೋರಿಸಿದಾಗಲೇ ಅವನಿಗೆ ಗೊತ್ತಾದದ್ದು. ಅವಮಾನ ಆಯಿತಾ ಎಂದು ಕೇಳಿದೆ. "ಇಲ್ಲ, ಇಷ್ಟು ದಿನ ಯಾರೂ ಹೇಳಲಿಲ್ಲ ಅಂತ ಹೆದರಿಕೆ ಆಯಿತು" ಅಂದ. ಪಾಸಾದರೂ ಆ ಸರ್ಟಿಫಿಕೇಟ್ ಮೂರು ವರ್ಷಕ್ಕೊಮ್ಮೆ ಹೊಸತು ಮಾಡಿಕೊಳ್ಳಬೇಕು.

ಕಟ್ಟುನಿಟ್ಟಿನವರಲ್ಲೂ ತಪ್ಪು ಕಲ್ಪನೆ ಕಡಿಮೆ ಇಲ್ಲ. ಮಾಮೂಲಿ ಕೋರ್ಸ್ ಮಾಡಿದವರೆಲ್ಲ ಅಪಾಯಕಾರಿಗಳು, ಹಳದಿ ಬಿರಡೆ ನೇತಾಡಿಸಿಕೊಂಡವರೆಲ್ಲ ಕಲಿಯದವರು ಎಂದು ನೋಡುವವರು ಇದ್ದಾರೆ. ನನಗೆ ನೇತ್ರಾಣಿಯಲ್ಲಿ ಕಲಿಸಿದವರು ಹಳದಿ ಬಿರಡೆಯವರೇ. ಉಬ್ಬರ ಜೋರಿದ್ದ ದಿನ ಇಡೀ ದೋಣಿಯನ್ನು ವಾಪಸ್ ತಿರುಗಿಸಿದವರೂ ಅವರೇ. ಶಿಸ್ತು ಯಾವ ಪಂಥದ ಸ್ವತ್ತೂ ಅಲ್ಲ.

ಗುಹೆಯವರೆಲ್ಲ ಇದನ್ನು ಒಪ್ಪುವುದಿಲ್ಲ

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಬಿದ್ದದ್ದು ನೆನಪಿರಬಹುದು. ಅವರನ್ನು ಮೊದಲು ಕಂಡವರು ಬ್ರಿಟನ್ನಿನ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂತೆನ್. ಇವರದ್ದು ಡಿಐಆರ್ ಅಲ್ಲ. ಬ್ರಿಟನ್ನಿನ ಗುಹೆಗಳು ತೀರಾ ಇಕ್ಕಟ್ಟು, ನೀರು ಕೆಸರು. ಅಲ್ಲಿ ಜೊತೆಗಾರ ಇದ್ದರೆ ದಾರಿಗೆ ಅಡ್ಡವಾಗುತ್ತಾನೆ ಎಂದು ಒಬ್ಬೊಬ್ಬರೇ ಹೋಗುವ ಸಂಪ್ರದಾಯ ಬೆಳೆಯಿತು. ಸಿಲಿಂಡರನ್ನು ಬೆನ್ನಿಗಲ್ಲ, ಪಕ್ಕೆಗೆ ಕಟ್ಟುತ್ತಾರೆ. ಉಪಕರಣವನ್ನು ತಮ್ಮ ಮೈಗೆ ತಕ್ಕ ಹಾಗೆ ತಾವೇ ಮಾಡಿಕೊಳ್ಳುತ್ತಾರೆ.

ಹಾಗಾದರೆ ಅವರದ್ದು ಸಡಿಲ ಪಾಠವಾ? ಅಲ್ಲವೇ ಅಲ್ಲ. ಒಂಟಿಯಾಗಿ ಹೋಗುವವರು ಪ್ರತಿಯೊಂದಕ್ಕೂ ತಾವೇ ಬದಲಿ ಒಯ್ಯುತ್ತಾರೆ. ಗುಹೆ ಬೇರೆಯಾದ್ದರಿಂದ ನಿಯಮ ಬೇರೆ. ಅದೇ ಕಾರ್ಯಾಚರಣೆಯಲ್ಲಿ ಥಾಯ್ ನೌಕಾಪಡೆಯಿಂದ ನಿವೃತ್ತರಾದ ಸಮಾನ್ ಗುನಾನ್ ಗಾಳಿಯ ಸಿಲಿಂಡರ್ ಇಟ್ಟು ವಾಪಸ್ ಬರುವಾಗ ನೀರಿನಲ್ಲೇ ಪ್ರಜ್ಞೆ ತಪ್ಪಿ ತೀರಿಕೊಂಡರು. ದೇಹದಾರ್ಢ್ಯಕ್ಕೋ ಧೈರ್ಯಕ್ಕೋ ಅವರಲ್ಲಿ ಕೊರತೆ ಇರಲಿಲ್ಲ.

ನೇತ್ರಾಣಿಗೆ ಹೊರಟವರಿಗೆ ಇದರಲ್ಲಿ ಏನು?

ಒಂದು ದಿನದ ಅನುಭವಕ್ಕೆ ಹೋಗುವವರಿಗೆ ಈ ಪಂಥದ ಗೊಡವೆ ಬೇಡ. ಅಲ್ಲಿ ತರಬೇತುದಾರರು ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಆಳ 12 ಮೀಟರ್ ದಾಟುವುದಿಲ್ಲ. ಅದನ್ನು ಮಾಡಿ ಬಂದು ನಾನು ಡೈವರ್ ಎಂದುಕೊಳ್ಳಬಾರದು, ಅಷ್ಟೇ.

ಸ್ವಂತ ಡೈವ್ ಮಾಡಲು ಓಪನ್ ವಾಟರ್ ಕೋರ್ಸ್ ಬೇಕು. ಮೂರು ನಾಲ್ಕು ದಿನ, 18 ಮೀಟರ್ ತನಕ. ಮುಂದಿನ ಹಂತಕ್ಕೆ 30. ಹವ್ಯಾಸಿಗಳಿಗೆ 40 ಕೊನೆಯ ಗೆರೆ. ಇದು ಯಾವ ಸಂಸ್ಥೆಯಲ್ಲಿ ಕಲಿತರೂ ಆದೀತು. ಕಲಿಸುವವರನ್ನು ಆರಿಸುವಾಗ ಮಾತ್ರ ಕೆಲವು ಪ್ರಶ್ನೆ ಕೇಳಿ. ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ? ಗಾಳಿ ಹಂಚಿಕೊಳ್ಳುವುದನ್ನು ತೇಲುತ್ತಾ ಕಲಿಸುತ್ತೀರಾ, ತಳದಲ್ಲಿ ಮಂಡಿಯೂರಿಸಿಯಾ? ಲಕ್ಷದ್ವೀಪದಂಥ ಕಡೆ ತಳ ಅಂದರೆ ಹವಳ. ಮಂಡಿಯೂರಿದರೆ ಅದು ಮುರಿಯುತ್ತದೆ, ಎಷ್ಟೋ ವರ್ಷದಲ್ಲಿ ಬೆಳೆದದ್ದು. ನಮ್ಮ ತಂಡ ಎಷ್ಟು ಗಾಳಿ ಉಳಿದಾಗ ಏರಬೇಕು, ಆ ಸಂಖ್ಯೆ ಹೇಗೆ ಬಂತು? ಈ ಕೊನೆಯ ಪ್ರಶ್ನೆಗೆ ಸಿಟ್ಟು ಬಾರದೆ ಉತ್ತರ ಕೊಡುವವರು ಒಳ್ಳೆಯವರು ಎಂಬುದು ನನ್ನ ಅನುಭವ.

ಹೆಬ್ಬೆರಳು

ದಿನನಿತ್ಯದಲ್ಲಿ ನಾವು ಹೆಬ್ಬೆರಳು ಎತ್ತಿದರೆ "ಭೇಷ್" ಎಂದು ಅರ್ಥ. ಡೈವಿಂಗ್‌ನಲ್ಲಿ ಅದರ ಅರ್ಥ ಬೇರೆ: ಮೇಲೆ ಹೋಗೋಣ, ಡೈವ್ ಮುಗಿಯಿತು. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆಯ ಹಾಗೆ ಮಾಡಬೇಕು. ಹೊಸಬರು ಇಲ್ಲಿ ತಪ್ಪುವುದು ಜಾಸ್ತಿ.

ಯಾವ ಡೈವರ್ ಆದರೂ, ಯಾವ ಹೊತ್ತಿನಲ್ಲಾದರೂ, ಯಾವ ಕಾರಣಕ್ಕಾದರೂ ಡೈವ್ ನಿಲ್ಲಿಸಬಹುದು. ಕಾರಣ ಹೇಳಬೇಕಾಗಿಲ್ಲ. ಬೇರೆಯವರು ಕೇಳಬಾರದು. ಈ ನಿಯಮ ಗುಹೆ ಡೈವರ್‌ಗಳಿಂದ ಬಂದದ್ದು. ಕಟ್ಟುನಿಟ್ಟಿನವರು ಇದನ್ನು ಉಳಿದೆಲ್ಲ ನಿಯಮಕ್ಕಿಂತ ಮೇಲೆ ಇಡುತ್ತಾರೆ. ಅತಿ ಬಿಗಿ ಅನ್ನಿಸಿಕೊಂಡ ಪಾಠದ ಒಳಗೆ ಇಷ್ಟು ದೊಡ್ಡ ಸ್ವಾತಂತ್ರ್ಯ ಇದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಚಹಾದಂಗಡಿಯ ಆ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವೂ ಇಲ್ಲೇ ಇದೆ. ಗಂಗಾವಳಿಗೆ ಇಳಿದವರ ಮನಸ್ಸು ದೊಡ್ಡದು. ಕಾದವರು ಹೇಡಿಗಳಲ್ಲ. ಇವತ್ತು ನೀರು ಇಳಿಯುವ ಹಾಗಿಲ್ಲ ಎಂದು ಹೇಳಲು ಕಲಿಯುವುದೂ ತರಬೇತಿಯ ಭಾಗ. ದಡದಲ್ಲಿ ಊರಿಗೆ ಊರೇ ಅಳುತ್ತಾ ನಿಂತಿರುವಾಗ ಅದನ್ನು ಹೇಳುವುದು ಸುಲಭವಲ್ಲ.

ಕಳೆದ ಸಲ ಫುಜೈರಾದಲ್ಲಿ ನಾವು ನಾಲ್ವರು ಇಳಿದೆವು. ನೀರು ತಿಳಿ, ಆಳ 14 ಮೀಟರ್. ಎಂಟು ನಿಮಿಷ ಆಗಿತ್ತು ಅಷ್ಟೇ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವ ಇದ್ದವರು ಹೆಬ್ಬೆರಳು ಎತ್ತಿದರು. ತಮ್ಮ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದ. ನಾನೂ ಎತ್ತಿದೆ. ನಾಲ್ವರೂ ಏರಿದೆವು, 5 ಮೀಟರಲ್ಲಿ ಮೂರು ನಿಮಿಷ ನಿಂತೆವು. ದೋಣಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿದೆವು. ಬಹಳ ಹೊತ್ತಾದ ಮೇಲೆ ಅವರೇ ಹೇಳಿದರು, "ಯಾಕೋ ಮನಸ್ಸು ನಿಲ್ಲಲಿಲ್ಲ." ತಮ್ಮ ಹೂಂ ಅಂದ. ಮಧ್ಯಾಹ್ನದ ಡೈವ್‌ಗೆ ಎಲ್ಲರಿಗಿಂತ ಮೊದಲು ಕಾಲಿಗೆ ಫಿನ್ಸ್ ಹಾಕಿಕೊಂಡವರು ಅವರೇ.